ಹಿಂದಿನ ದೋಣಿಯ ಉತ್ತರ

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಇದು ಯಾರೋ ಯಾರಿಗೋ ಹೇಳಿದ ಕತೆಯಲ್ಲ... ನನ್ನ ದೊಡ್ಡಮ್ಮನ ಮಗಳು ಅಕ್ಕ ಇದ್ದಾಳಲ್ಲ, ಅವಳ ಗಂಡನಿಗೆ ಆದದ್ದು. ನಾನು ಅಲ್ಲೇ ಇದ್ದೆ.

ಅಕ್ಕ, ಭಾವ ಇಬ್ಬರಿಗೂ ಒಂದು ದ್ವೀಪದಲ್ಲಿ ಕೆಲಸ. ನೋಡಲು ಬಂದವರನ್ನು ಕಯಾಕ್ ಎಂಬ ಪುಟ್ಟ ದೋಣಿಗಳಲ್ಲಿ ಕೂರಿಸಿ, ಬಂಡೆಗಳ ಆಚೆಗಿನ ಗುಹೆ ತೋರಿಸಿ, ಸಂಜೆಯೊಳಗೆ ವಾಪಸ್ ತರಬೇಕು. ಮುಂದಿನ ದೋಣಿ ಅಕ್ಕನದು. ಕೊನೆಯದು ಭಾವನದು. ನಡುವೆ ಹುಟ್ಟು ಹಿಡಿಯಲೂ ಬಾರದ ಪ್ರವಾಸಿಗರು. ಬೆಳಕು ಕಂದಿದರೆ ಹಿಂದೆ ಯಾರಿದ್ದಾರೆ, ಯಾರಿಲ್ಲ ಎಂದು ಕಾಣುವುದಿಲ್ಲ. ಅದಕ್ಕೇ ಅವರದೊಂದು ಪದ್ಧತಿ. ಅಕ್ಕ ಉದ್ದಕ್ಕೆ ಒಂದು ವಿಷಲ್ ಊದುತ್ತಾಳೆ... ಪೀಈಈ. ಹಿಂದಿನಿಂದ ಭಾವ ಚುಟುಕಾಗಿ ಎರಡು... ಪೀ, ಪೀ. ಅಂದರೆ, ಎಲ್ಲ ಸರಿ, ನಡಿ. ಉತ್ತರ ಬಾರದಿದ್ದರೆ ಮಾತ್ರ ಅವಳು ದೋಣಿ ತಿರುಗಿಸುವುದು.

ಭಾವನ ವಿಷಲ್ ಕಚ್ಚಿ ಕಚ್ಚಿ ಸೀಳು ಬಿಟ್ಟಿತ್ತು. ಎರಡನೇ ಊದು ಯಾವಾಗಲೂ ನೆಗಡಿ ಹಿಡಿದವರ ಹಾಗೆ ಗೊರಗುಟ್ಟುತ್ತಿತ್ತು.

“ಹೊಸದು ತಗೊಳ್ಳಿ ಅಂದ್ರೆ ಕೇಳಲ್ವಲ್ರೀ!”

“ಇರ್ಲಿ ಬಿಡೇ. ನಿನ್ನ ಹಾಗೇ ಅದು, ಗೊಣಗಿಕೊಂಡೇ ಕೆಲಸ ಮಾಡುತ್ತೆ.”

ನಾನು ರಜೆಗೆ ಅವರಲ್ಲಿಗೆ ಹೋಗಿದ್ದೆ. ಟವೆಲ್ ಒಣಹಾಕಿ ಮಡಚುವುದು ನನ್ನ ಪಾಲು. ಯಾರ ಜೊತೆಯೂ ಮಾತಾಡಬೇಕಿಲ್ಲವಲ್ಲ.

ಆ ಸಂಜೆ ಟವೆಲ್‌ಗಳನ್ನು ಹೊತ್ತು ಹಾಳುಬಾವಿಯ ಪಕ್ಕದ ದಾರಿಯಲ್ಲಿ ದೋಣಿ ಶೆಡ್ಡಿಗೆ ಬರುತ್ತಿದ್ದೆ. ಕತ್ತಲು ಕವಿಯುತ್ತಿತ್ತು. ಬಾವಿಯೊಳಗೆ ತೊಟ್... ಸ್ವಲ್ಪ ತಡೆದು ಮತ್ತೆ ತೊಟ್. ಓಡು ನಡಿಗೆಯಲ್ಲೇ ಶೆಡ್ಡು ಸೇರಿದೆ. ಬಾಗಿಲ ಪಕ್ಕದ ಮೊಳೆಯಲ್ಲಿ ಭಾವನ ವಿಷಲ್ ನೇತಾಡುತ್ತಿತ್ತು. ಯಾರದೋ ಲೈಫ್ ಜಾಕೆಟ್ ಬಿಗಿಯುವಾಗ ಅಡ್ಡ ಬರುತ್ತದೆಂದು ಕುತ್ತಿಗೆಯಿಂದ ತೆಗೆದು ಅಲ್ಲಿ ನೇತುಹಾಕಿದ್ದನ್ನು ನೋಡಿದ್ದೆ. ಮರೆತೇ ಹೋಗಿದ್ದರು.

ಅದನ್ನು ಕೈಗೆ ತೆಗೆದುಕೊಂಡೆ. ಸದ್ಯ, ಉತ್ತರ ಬಾರದಿದ್ದರೆ ಅಕ್ಕ ತಿರುಗುತ್ತಾಳೆ, ಭಾವನಿಗೆ ಬೈಗುಳದ ಅಭಿಷೇಕ ಅಷ್ಟೇ, ಅಂದುಕೊಂಡೆ.

ಆಗ ಸಮುದ್ರದ ಕಡೆಯಿಂದ... ಪೀಈಈ.

ಆಮೇಲೆ... ಪೀ, ಪೀ.

ಎರಡನೆಯದು ಗೊರಗುಟ್ಟಿತು.

ವಿಷಲ್ ನನ್ನ ಮುಷ್ಟಿಯಲ್ಲಿತ್ತು.

ಜೆಟ್ಟಿಯ ತುದಿಗೆ ಓಡಿದೆ. ದೂರದಲ್ಲಿ ದೋಣಿಗಳು, ಕರಿ ಎಳ್ಳು ಚೆಲ್ಲಿದ ಹಾಗೆ. “ಅಕ್ಕಾ...” ಎಂದು ಕೂಗಿದೆ. ನನ್ನದು ಕ್ಲಾಸಿನಲ್ಲಿ ‘ಪ್ರೆಸೆಂಟ್ ಮಿಸ್’ ಅಂದರೂ ಆಬ್ಸೆಂಟ್ ಬೀಳುತ್ತಿದ್ದ ದನಿ. ಗಾಳಿ ಅದನ್ನು ವಾಪಸ್ ನನ್ನ ಬಾಯಿಗೇ ತುರುಕಿತು. ವಿಷಲ್ ಊದೋಣವೆಂದು ತುಟಿಗಿಟ್ಟೆ. ಅಲ್ಲೇ ಕೈ ನಿಂತಿತು. ಹೇಗೆ ಊದಿದರೂ ಅದು ಭಾವನ ದನಿಯೇ! ಆ ಗೊರಗು ಕೇಳಿದರೆ ಅಕ್ಕ, ಗಂಡ ಹಿಂದೆಯೇ ಇದ್ದಾನೆ ಅಂದುಕೊಂಡು ಇನ್ನಷ್ಟು ನಿಶ್ಚಿಂತೆಯಾಗಿ ಬರುತ್ತಾಳೆ. ಕೈಯಲ್ಲಿದ್ದದ್ದು ಅದೊಂದೇ. ಅದನ್ನೇ ಊದುವ ಹಾಗಿಲ್ಲ.

ಮತ್ತೆ ಪೀಈಈ. ಮತ್ತೆ... ಪೀ, ಪೀ.

ನಿಂತೇ ಇದ್ದೆ. ಇನ್ನೇನು ಮಾಡಲಿ, ಹೇಳಿ?

ಪ್ರವಾಸಿಗರು ನಗುತ್ತಾ ಇಳಿದರು. ಅಕ್ಕ ಸೊಂಟದ ಮೇಲೆ ಕೈಯಿಟ್ಟು ಕತ್ತಲಿಗೆ ತಿರುಗಿದಳು. “ಇವತ್ತು ನಿಮ್ಮ ಭಾವ ಆಮೆ ಆಗಿದ್ದಾರೆ ನೋಡು. ರೀ! ಬರ್ತೀರೋ, ನಾಳೆ ಬರ್ತೀರೋ?”

ಜೆಟ್ಟಿಯ ಕೆಳಗಿನಿಂದಲೇ ಬಂತು. ಪೀ... ಪೀ.

ನಾನು ಮುಷ್ಟಿ ಬಿಚ್ಚಿದೆ.

“ಇದು...” ಅಕ್ಕ ಪಿಸುಗುಟ್ಟಿದಳು.

“ಭಾವಂದೇ.”

“ಎಲ್ಲಿತ್ತೇ?”

“ಮೊಳೇಲಿ... ನೀವು ಹೋದಾಗಿಂದ.”

ಅವಳು ಕೆಳಗೆ ಟಾರ್ಚ್ ಬೆಳಕು ಬಿಟ್ಟಳು. ನೀರು. ಬರೀ ನೀರು.

ಮೋಟಾರ್ ಬೋಟಿನವನನ್ನು ಕರೆದುಕೊಂಡು ಹೋದಳು. ಭಾವ ಗುಹೆಯ ಬಾಯಲ್ಲಿ ಬಂಡೆಗೆ ಹಲ್ಲಿಯಂತೆ ಅಂಟಿಕೊಂಡಿದ್ದರಂತೆ. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಶೆಡ್ಡಿನಲ್ಲಿ ಕೂರಿಸಿ ಟವೆಲ್ ಹೊದಿಸಿದೆ. ಅಕ್ಕ ಅವರ ಪಾದ ಉಜ್ಜುತ್ತಿದ್ದಳು, ಮುಖ ನೋಡುತ್ತಿರಲಿಲ್ಲ.

“ದೋಣಿ ಮಗುಚ್ತು,” ಅಂದರು ಭಾವ. “ನೀನು ಊದಿದೆ. ಕುತ್ತಿಗೆ ಮುಟ್ಟಿ ನೋಡ್ಕೊಂಡೆ, ವಿಷಲ್ ಇಲ್ಲ. ಒಳ್ಳೇದೇ ಆಯ್ತು, ತಿರುಗ್ತಾಳೆ ಅಂದ್ಕೊಂಡೆ... ಅಷ್ಟರಲ್ಲಿ ನನ್ನ ಕಿವಿ ಪಕ್ಕದಲ್ಲೇ ಊದಿದ್ರು.”

“ಯಾರ‍್ರೀ?”

“ಗೊತ್ತಿಲ್ಲ ಕಣೇ... ಮಗುಚಿದ ದೋಣಿ ತಾನೇ ಎದ್ದು ಕೂತಿತ್ತು. ಅದರಲ್ಲಿ ಯಾರೋ. ಬೆನ್ನು ಮಾತ್ರ ಕಾಣ್ತು. ನಿಮ್ಮ ಹಿಂದೇನೇ ಬಂತು. ನಾನು ಇಲ್ಲಿದೀನಿ, ಇಲ್ಲಿದೀನಿ ಅಂತ ಕೂಗ್ತಾನೇ ಇದ್ದೆ... ನೀನು ತಿರುಗ್ಲೇ ಇಲ್ಲ.”

ಅಕ್ಕ ಪಾದ ಉಜ್ಜುತ್ತಲೇ ಇದ್ದಳು.

ಈಗ ಅವರಿಬ್ಬರೂ ವಿಷಲ್ ಮುಟ್ಟುವುದಿಲ್ಲ. ಭಾವ ಹಿಂದಿನ ದೋಣಿಯಲ್ಲಿ ದಾರಿಯುದ್ದಕ್ಕೂ ಹಾಡುತ್ತಾ ಬರುತ್ತಾರೆ. ಶ್ರುತಿಯಿಲ್ಲ, ತಾಳವಿಲ್ಲ. ಇದೂ ಒಂದು ಮನರಂಜನೆ ಎಂದು ಪ್ರವಾಸಿಗರು ಚಪ್ಪಾಳೆ ತಟ್ಟುತ್ತಾರೆ. ಉಸಿರಿಗೆಂದು ಅವರು ಒಂದು ಗಳಿಗೆ ನಿಲ್ಲಿಸಿದರೂ ಸಾಕು, ಅಕ್ಕ ದೋಣಿ ತಿರುಗಿಸಿಬಿಡುತ್ತಾಳೆ.

ಆ ರಾತ್ರಿ ವಿಷಲ್ಲನ್ನು ಮತ್ತೆ ಮೊಳೆಗೆ ಹಾಕಿದವಳು ನಾನೇ. ಬಾಗಿಲಿಗೆ ಬೀಗ ಹಾಕಿದ್ದೂ ನಾನೇ. ಬೆಳಗ್ಗೆ ಹೋಗಿ ನೋಡಿದರೆ ಮರಳಿನ ಮೇಲೆ ದೋಣಿ ಎಳೆದ ಗೆರೆ, ನೀರಿನಿಂದ ನೇರ ಶೆಡ್ಡಿನ ಬಾಗಿಲವರೆಗೆ. ದೋಣಿ ಇಲ್ಲ. ಗೆರೆಯ ಆಚೀಚೆ ಒಂದು ಹೆಜ್ಜೆ ಗುರುತೂ ಇಲ್ಲ. ಬೀಗ ಹಾಕಿದ ಹಾಗೇ ಇತ್ತು.

ತೆಗೆದೆ. ಮೊಳೆ ಖಾಲಿ.

ನನ್ನಾಣೆಗೂ ನಿಜ... ನಾನೇ ಹಾಕಿದ್ದೆ.