ಎರಡು ಬೆರಳು ಎತ್ತಿದವಳು ನಾನು

ಹೆಸರು ಕಮಲಾದೇವಿ ಕೋಂ ಶಾಂತವೀರಪ್ಪ, ವಯಸ್ಸು 50 ವರ್ಷ, ಸೀರೆಗೆ ಕುಚ್ಚು ಕಟ್ಟುವ ಮತ್ತು ಫಾಲ್ ಹಾಕುವ ಕೆಲಸ, ವಾಸ ಯಡಿಯೂರು ಕೆರೆಯ ಹಿಂದಿನ ಅಡ್ಡರಸ್ತೆ, ಮೊದಲನೇ ಮಹಡಿ, ಎಡಗಡೆಯ ಮನೆ, ಬೆಂಗಳೂರು. ಓದಿದ್ದು ತಿಪಟೂರು ತಾಲೂಕಿನ ನಮ್ಮ ಊರಿನ ಶಾಲೆಯಲ್ಲಿ ಏಳನೇ ತರಗತಿ. ಬೇರೆಯವರು ಬರೆದರೆ ಮಾತು ಬದಲಾಗುತ್ತದೆ ಎಂದು ನಾನು ಕೇಳಿಕೊಂಡಿದ್ದಕ್ಕೆ, ಠಾಣೆಯ ಮೇಡಂ ಹಾಳೆ ಕೊಟ್ಟು ನೀವೇ ಬರೆಯಿರಿ ಎಂದರು. ಯಾರೂ ಕರೆಯದೆ ನಾನಾಗಿ ಬಂದು, ನನ್ನ ಕೈಯಿಂದಲೇ ಬರೆದು ಒಪ್ಪಿಸುವುದು ಈ ಕೆಳಗಿನಂತಿದೆ.

ಈ ದಿನ ಸೋಮವಾರ, ನನಗೆ ಉಪವಾಸ. ಬೆಳಿಗ್ಗೆ 4-30ಕ್ಕೆ ಎದ್ದು ಬಾಗಿಲು ತೊಳೆದು ರಂಗೋಲಿ ಹಾಕಿ, ಸ್ನಾನ ಮಾಡಿ ಪೂಜೆ ಮುಗಿಸಿ, ಯಜಮಾನರಿಗೆ ರಾಗಿ ಗಂಜಿ ಮತ್ತು ಎದೆಯ ಮಾತ್ರೆ ಕೊಟ್ಟು, ಮದುವೆ ಮನೆಯವರ ಎರಡು ಸೀರೆಗೆ ಕುಚ್ಚು ಕಟ್ಟಿ, 10-20ಕ್ಕೆ ಠಾಣೆಗೆ ಬಂದೆ.

ನಮ್ಮ ಎದುರು ಬಾಗಿಲಿನ ಮನೆಯ ಸುಧಾಮಣಿ, 52 ವರ್ಷ, ದಿನಾಂಕ 17-11-2025ರಂದು ಅಂಡಮಾನಿನ ಶಹೀದ್ ದ್ವೀಪದಲ್ಲಿ ಸಮುದ್ರದ ನೀರಿಗೆ ಸಿಕ್ಕಿ ತೀರಿಕೊಂಡಳು. ಪ್ರವಾಸಕ್ಕೆ ಕರೆದುಕೊಂಡು ಹೋದ ಉಗ್ರಪ್ಪನವರು ಜನರನ್ನು ಎಣಿಸದೆ ತೀರದಿಂದ ಮೇಲೆ ಹತ್ತಿದ್ದರಿಂದ ಹೀಗಾಯಿತು ಎಂದು ಅವಳ ಮಗಳು ಪದ್ಮಶ್ರೀ 24-11-2025ರಂದು ಇದೇ ಠಾಣೆಯಲ್ಲಿ ದೂರು ಕೊಟ್ಟಿದ್ದಾಳೆ. ಉಗ್ರಪ್ಪನವರು ಎಣಿಸಿದರು. ಸುಳ್ಳು ಹೇಳಿದವಳು ನಾನು. ಬಾಯಲ್ಲಿ ಹೇಳಲಿಲ್ಲ, ಕೈಯಲ್ಲಿ ಹೇಳಿದೆ. ಅದು ಹೇಗೆಂದರೆ:

ನಾನು ಮತ್ತು ಸುಧಾಮಣಿ ಇಪ್ಪತ್ತೆರಡು ವರ್ಷದಿಂದ ಎದುರು ಬದುರು ಇದ್ದೇವೆ. ಅವಳ ಯಜಮಾನರು ಹೋಗಿ ಆರು ವರ್ಷ. ನಮಗೆ ಮಕ್ಕಳಿಲ್ಲ. ಪದ್ಮಶ್ರೀ ಅರ್ಧ ನಮ್ಮ ಮನೆಯಲ್ಲೇ ಬೆಳೆದಳು. ಕೆರೆಯ ಸುತ್ತ ಬೆಳಿಗ್ಗೆ ನಡೆಯುವ ಗುಂಪಿನಲ್ಲಿ ನಾವಿಬ್ಬರೂ ಇದ್ದೆವು. ಅದೇ ಗುಂಪಿನ ಉಗ್ರಪ್ಪನವರು ವರ್ಷಕ್ಕೊಮ್ಮೆ ಪ್ರವಾಸ ಏರ್ಪಾಡು ಮಾಡುತ್ತಾರೆ. ಈ ಸಲ ಅಂಡಮಾನ್ ಎಂದಾಗ ನಾನು ಕಾರ್ತಿಕ ಮಾಸ, ಬರುವುದಿಲ್ಲ ಎಂದೆ. ಸುಧಾಮಣಿ ನನ್ನ ಹೆಸರನ್ನೂ ಸೇರಿಸಿ ಬಂದಳು. "ಶಿವ ಏನ್ ಯಡಿಯೂರಲ್ಲೇ ಕೂತಿರ್ತಾನಾ? ಅಲ್ಲೂ ಇರ್ತಾನೆ, ಬಾರೇ" ಎಂದಳು.

ಕಾರ್ತಿಕ ಸೋಮವಾರ ನಾನು ಬೆಳಗಿನಿಂದ ಸಂಜೆ ದೀಪ ಹಚ್ಚುವವರೆಗೆ ಉಪವಾಸವಿದ್ದು ಮೌನ ಹಿಡಿಯುತ್ತೇನೆ. ಯಜಮಾನರಿಗೆ ಎದೆಯ ಆಪರೇಷನ್ ಆದ ವರ್ಷ ಹೊತ್ತ ಹರಕೆ. ಇದು ಒಂಬತ್ತನೇ ವರ್ಷ. ಒಂದು ಸಲವೂ ಮುರಿದಿರಲಿಲ್ಲ. ನಮ್ಮ ಮನೆಯಲ್ಲಿ ದೀಪ ಹಚ್ಚುವುದು ಸಂಜೆ 6-10ಕ್ಕೆ.

15-11-2025ರ ಶನಿವಾರ ಹದಿನೆಂಟು ಜನ ವಿಮಾನದಲ್ಲಿ ಹೊರಟೆವು. ಉಗ್ರಪ್ಪನವರು ಎಲ್ಲರಿಗೂ ಒಂದೊಂದು ನಂಬರ್ ಕೊಟ್ಟಿದ್ದರು. ಸೀಟಿ ಊದಿದರೆ ಒಬ್ಬೊಬ್ಬರೂ ತಮ್ಮ ನಂಬರ್ ಕೂಗಬೇಕು. ನನ್ನದು ಹನ್ನೊಂದು, ಸುಧಾಮಣಿಯದು ಹನ್ನೆರಡು. ಹದಿನೆಂಟೂ ಬರುವವರೆಗೆ ಅವರು ಗಾಡಿ ಬಿಡಿಸುತ್ತಿರಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಕಿಟ್ಟಿ ಎಂಬುವರು, "ಉಗ್ರಪ್ಪ, ನೀನ್ ಮೇಷ್ಟ್ರಾಗ್ಬೇಕಿತ್ತು ಗುರು, ದಾರಿ ತಪ್ಪಿದೀಯ" ಎಂದು ಪ್ರತಿ ಸಲ ರೇಗಿಸುತ್ತಿದ್ದರು.

16ರ ಭಾನುವಾರ ಇನ್ನೊಂದು ದ್ವೀಪದಲ್ಲಿ ದೊಡ್ಡ ಬಿಳಿ ಮರಳಿನ ತೀರ ನೋಡಿದೆವು. ಮಧ್ಯಾಹ್ನ 1-15ಕ್ಕೆ ಬಂಗಾಳಿ ಹೆಂಗಸೊಬ್ಬಳ ಹೋಟೆಲಿನಲ್ಲಿ ಊಟ. ನಾನು ಅನ್ನ, ಬೇಳೆ, ಎಣ್ಣೆಯಲ್ಲಿ ಕರಿದ ಬದನೆಕಾಯಿ ತಿಂದೆ. ಸುಧಾಮಣಿ ತೆಂಗಿನಹಾಲು ಹಾಕಿದ ಮೀನಿನ ಸಾರು ಎರಡು ಬಟ್ಟಲು ತಿಂದಳು. "ಒಂದ್ ಚೂರ್ ಸಾರು ಹಾಕ್ಕೊಳ್ಳೇ ಕಮಲಿ, ಬರೀ ಕಾಯಿ ಹಾಲು ಅಂತ ನಿಮ್ ಶಿವ ಸುಮ್ನಾಗ್ತಾನೆ" ಎಂದಳು. ನಮ್ಮ ಶಿವನಿಗೆ ಮೂಗೂ ಇದೆ ಎಂದು ನಾನು ಹೇಳಿದೆ. ಅವಳಿಗೆ ನಗು ಬಂದು ನೆತ್ತಿಗೆ ಹತ್ತಿತು. ನಾನು ಬೆನ್ನು ತಟ್ಟಿ ನೀರು ಕುಡಿಸಿದೆ.

17ರ ಸೋಮವಾರ ಬೆಳಿಗ್ಗೆ 8-30ರ ಹಡಗಿನಲ್ಲಿ ಹೊರಟು 9-45ಕ್ಕೆ ಶಹೀದ್ ದ್ವೀಪ ತಲುಪಿದೆವು. ನನ್ನದು ಮೌನವಾದ್ದರಿಂದ ಸೀಟಿ ಊದಿದಾಗಲೆಲ್ಲ ಸುಧಾಮಣಿಯೇ "ಹನ್ನೊಂದು, ಹನ್ನೆರಡು" ಎಂದು ಎರಡನ್ನೂ ಕೂಗಿದಳು. ಎಳನೀರಿನ ಅಂಗಡಿಯಲ್ಲಿ "ನಮ್ ಸ್ವಾಮಿಗಳಿಗೆ ಒಂದು ಗಂಜಿ ಇರೋದ್ ಕೊಡಿ" ಎಂದು ಕೇಳಿದಳು. ಅಂಗಡಿಯವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅವನು ನನ್ನ ಕಡೆ ತಿರುಗಿ ಕೈ ಮುಗಿದ.

ಗಾಜಿನ ತಳದ ದೋಣಿಯಲ್ಲಿ ಹವಳ ನೋಡಿ, ಉಳಿದವರ ಊಟವಾದ ಮೇಲೆ, ಮಧ್ಯಾಹ್ನ 2-50ಕ್ಕೆ ಕಲ್ಲಿನ ಕಮಾನು ಇರುವ ಜಾಗಕ್ಕೆ ಬಂದೆವು. ಗಾಡಿ ನಿಲ್ಲುವ ಜಾಗದಿಂದ ಮೆಟ್ಟಿಲು ಇಳಿದರೆ ಮರಳು. ಮರಳಿನಿಂದ ಆಚೆ ಸತ್ತ ಹವಳದ ಬಂಡೆಗಳ ಮೇಲೆ ನಡೆದರೆ, ಸಮುದ್ರವೇ ಕೊರೆದು ಮಾಡಿದ ಕಮಾನು. ಮರಳಿನಿಂದ ಅಲ್ಲಿಗೆ ನನ್ನ ಹೆಜ್ಜೆಯಲ್ಲಿ 210 ಹೆಜ್ಜೆ. ನೀರು ಇಳಿದಾಗ ಮಾತ್ರ ಹೋಗಬಹುದು. ಅಲ್ಲಿನ ಗೈಡ್ ಹಿಂದಿಯಲ್ಲಿ ಹೇಳಿದ್ದನ್ನು ಉಗ್ರಪ್ಪನವರು ಕನ್ನಡದಲ್ಲಿ ಎಲ್ಲರಿಗೂ ಎರಡು ಸಲ ಹೇಳಿದರು. ಏನೆಂದರೆ, 4-30ಕ್ಕೆ ಎಲ್ಲರೂ ಮರಳಿಗೆ ಬಂದಿರಬೇಕು, ನೀರು ಎದುರಿನಿಂದ ಬರುತ್ತದೆ ಅಂದುಕೊಳ್ಳಬೇಡಿ, ಬೆನ್ನ ಹಿಂದಿನ ತಗ್ಗಿನಲ್ಲಿ ಮೊದಲು ತುಂಬುತ್ತದೆ. ಇದನ್ನು ಸುಧಾಮಣಿಯೂ ಕೇಳಿಸಿಕೊಂಡಳು. ನಾನೂ ಕೇಳಿಸಿಕೊಂಡೆ.

4-30ಕ್ಕೆ ಉಗ್ರಪ್ಪನವರು ಸೀಟಿ ಊದಿದರು. ಎಲ್ಲರೂ ಹೊರಟರು. ಆಕಾಶ ಕೆಂಪಾಗುತ್ತಿತ್ತು. ಸುಧಾಮಣಿ ನನ್ನನ್ನು ಹಿಂದಕ್ಕೆ ಎಳೆದು, ಕಮಾನಿನ ಕಂಡಿಯಲ್ಲಿ ಆ ಕೆಂಪು ಬರಲಿ, ಒಂದು ಫೋಟೊ ತೆಗೆದು ಪದ್ಮಶ್ರೀಗೆ ಕಳಿಸಿ ಐದು ನಿಮಿಷದಲ್ಲಿ ಬರುತ್ತೇನೆ ಎಂದಳು. "ಉಗ್ರಪ್ಪ ಬಯ್ತಾನೆ. ಎಣಿಸಿದ್ರೆ ನೀನು ಎರಡು ಬೆರಳು ಎತ್ಬಿಡೇ" ಎಂದಳು. ಬೆಳಗಿನಿಂದ ನನ್ನ ಬದಲು ಅವಳು ಉತ್ತರ ಕೊಟ್ಟಿದ್ದಳು. ನಾನು ತಲೆ ಆಡಿಸಿದೆ.

4-40ಕ್ಕೆ ಮೆಟ್ಟಿಲ ಬುಡದಲ್ಲಿ ಎಣಿಕೆ ಆಯಿತು. ಹತ್ತು ಎಂದು ಕೂಗಿದ ಮೇಲೆ ಉಗ್ರಪ್ಪನವರು ನನ್ನ ಕಡೆ ನೋಡಿದರು. ನಾನು ಎರಡು ಬೆರಳು ಎತ್ತಿದೆ. ಅವರು, "ಹನ್ನೊಂದು ಹನ್ನೆರಡು ಬಂತು, ಹದಿಮೂರು" ಎಂದರು. ಹದಿನೆಂಟೂ ಮುಗಿದ ಮೇಲೆ ಗೈಡ್‌ನನ್ನು ಕಳಿಸಿಕೊಟ್ಟು ಎಲ್ಲರನ್ನೂ ಹತ್ತಿಸಿದರು. ನನಗೆ, ನೀವು ನಿಧಾನವಾಗಿ ಬನ್ನಿ ಅಕ್ಕ, ಉಪವಾಸ ಇದ್ದೀರಿ ಎಂದು ಹೇಳಿ ಹೋದರು. ನಾನು ಕೆಳಗಿನ ಮೆಟ್ಟಿಲ ಮೇಲೆ ಕುಳಿತೆ.

4-55ಕ್ಕೆ ಸೂರ್ಯ ಮುಳುಗಿದ. ಆಗ ನನ್ನ ಕೈ ಗಡಿಯಾರದಲ್ಲಿ ನೋಡಿದ ಹೊತ್ತನ್ನೇ ಬರೆಯುತ್ತಿದ್ದೇನೆ, ನೆನಪಿದೆ. ಇಷ್ಟು ಬೇಗ ಮುಳುಗಿದನಲ್ಲ ಎಂದುಕೊಂಡೆ. ಅಷ್ಟೇ ಅಂದುಕೊಂಡದ್ದು.

5-05ಕ್ಕೆ ನೋಡಿದಾಗ ತಗ್ಗಿನಲ್ಲಿದ್ದ ಕರಿಯ ಬಂಡೆ ಕಾಣಲಿಲ್ಲ. ಅಲ್ಲಿ ನೀರು ಹರಿಯುತ್ತಿತ್ತು. ಅದು ನನಗೂ ಸುಧಾಮಣಿಗೂ ನಡುವೆ. ಅವಳು ಸಮುದ್ರದ ಕಡೆ ಮುಖ ಮಾಡಿ ಫೋನ್ ಎತ್ತಿ ಹಿಡಿದು ನಿಂತಿದ್ದಳು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಸೆರಗು ಬೀಸಿದೆ. ಅವಳು ಒಂದು ಸಲ ತಿರುಗಿ ಕೈ ಬೀಸಿ ಮತ್ತೆ ಆ ಕಡೆ ತಿರುಗಿದಳು. ಬೇಗ ಬಾ ಎನ್ನುತ್ತಿದ್ದೇನೆ ಎಂದು ತಿಳಿದಿರಬೇಕು. ಸುಮಾರು 3-30ರಲ್ಲಿ ಗಾಡಿ ನಿಲ್ಲುವ ಜಾಗದಲ್ಲಿದ್ದ ಇನ್ನೊಬ್ಬ ಎಳನೀರಿನವನು ಮೇಲಿನಿಂದ ಕೂಗಿದ್ದು ಕಮಾನಿನ ಹತ್ತಿರ ನಮಗೆ ಸರಿಯಾಗಿ ಕೇಳಿಸಿತ್ತು. ಆದ್ದರಿಂದ ನಾನು ಕೂಗಿದ್ದರೆ ಕೇಳಿಸುತ್ತಿತ್ತು.

5-10ಕ್ಕೆ ಮತ್ತೆ ಗಡಿಯಾರ ನೋಡಿದೆ. ದೀಪದ ಹೊತ್ತಿಗೆ ಇನ್ನೂ ಒಂದು ಗಂಟೆ ಇತ್ತು. ಯಜಮಾನರ ಎದೆ ನೆನಪಾಯಿತು. ಬಾಯಿ ತೆರೆದೆ, ಮುಚ್ಚಿದೆ. ಕೂಗುವ ಬದಲು ಜನರನ್ನು ಕರೆಯಲು ಮೆಟ್ಟಿಲು ಹತ್ತಿದೆ.

5-14ಕ್ಕೆ ಮೇಲೆ ತಲುಪಿದೆ. ಎಲ್ಲರೂ ಮಂಡಕ್ಕಿ ತಿನ್ನುತ್ತಿದ್ದರು. ನಾನು ಕೈ ತೋರಿಸಿದೆ, ಎದೆ ಬಡಿದುಕೊಂಡೆ, ಕೆಳಗೆ ತೋರಿಸಿದೆ. ಅವರಿಗೆ ತಿಳಿಯಲಿಲ್ಲ. ಕಿಟ್ಟಿಯವರು, "ತಡೀರಿ ತಡೀರಿ, ಕಮಲಕ್ಕ ಸಿನಿಮಾ ಹೆಸ್ರು ಹೇಳ್ತಾವ್ರೆ. ಎಷ್ಟ್ ಪದ ಅಕ್ಕ?" ಎಂದರು. ನಾನು ಸುಧಾಮಣಿಯ ನಂಬರ್ ಹೇಳಲೆಂದು ಹತ್ತು ಬೆರಳು ತೋರಿಸಿ, ಆಮೇಲೆ ಎರಡು ಬೆರಳು ತೋರಿಸಿದೆ. ಅವರು, "ಹನ್ನೆರಡು ಪದ! ಯಾವ್ ಸಿನಿಮಾ ಅಕ್ಕ ಅದು!" ಎಂದರು. ಎಲ್ಲರೂ ನಕ್ಕರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಉಗ್ರಪ್ಪನವರು ಮಾತ್ರ ನಗಲಿಲ್ಲ. ತಟ್ಟೆ ಇಟ್ಟು, "ಹನ್ನೆರಡು ಎಲ್ಲಿ?" ಎಂದು ಕೇಳಿದರು. ಆಗ 5-19.

5-23ಕ್ಕೆ ನಾವು ಕೆಳಗೆ ಬಂದೆವು. ಕಮಾನಿನ ಹತ್ತಿರ ಯಾರೂ ಇರಲಿಲ್ಲ. ಬಂಡೆಗಳೂ ಇರಲಿಲ್ಲ. ಉಗ್ರಪ್ಪನವರು ಚಪ್ಪಲಿ, ಕನ್ನಡಕದ ಸಮೇತ ನೀರಿಗೆ ಇಳಿದರು. ಕುತ್ತಿಗೆಯ ತನಕ ಹೋದವರನ್ನು ಇಬ್ಬರು ಬೆಸ್ತರು ಎಳೆದು ತಂದರು. ಅವರ ಎರಡೂ ಮೊಣಕಾಲು ಹವಳಕ್ಕೆ ಸೀಳಿ ಹೋಗಿತ್ತು. ಆಗ ನಾನು ಬಾಯಿ ಬಿಟ್ಟು ಸುಧಾಮಣಿ ಎಂದು ಕೂಗಿದೆ. ಎಷ್ಟು ಸಲ ಎಂಬುದು ನೆನಪಿಲ್ಲ. ಉತ್ತರ ಬರಲಿಲ್ಲ.

18ರ ಮಂಗಳವಾರ ಬೆಳಿಗ್ಗೆ 6-10ಕ್ಕೆ ಕಮಾನಿನಿಂದ ಸುಮಾರು 400 ಮೀಟರ್ ದೂರದಲ್ಲಿ ಅವಳು ಸಿಕ್ಕಳು. ಗುರುತು ಹೇಳಿದವಳು ನಾನು. ಸೀರೆಯ ಕುಚ್ಚು ನಾನೇ ಕಟ್ಟಿದ್ದು.

ಅಲ್ಲಿನ ಪೊಲೀಸರು ಹಿಂದಿಯಲ್ಲಿ ಕೇಳಿದರು. ನನಗೆ ಹಿಂದಿ ಬರುವುದಿಲ್ಲ. ಉಗ್ರಪ್ಪನವರು ಅವರಿಗೆ ಏನೋ ಹೇಳಿದರು, ಅವರು ನನ್ನನ್ನು ಬಿಟ್ಟರು. 19ರಂದು ಹಡಗಿನಲ್ಲಿ ನಾನು ಕೇಳಿದ್ದಕ್ಕೆ ಉಗ್ರಪ್ಪನವರು ಹೇಳಿದ್ದೇನೆಂದರೆ, "ಅಕ್ಕಂಗೆ ಏನೂ ಗೊತ್ತಿಲ್ಲ ಅಂದೆ. ನೀವು ಬೆರಳು ಎತ್ತಿದ್ದು ನಾನ್ ನೋಡಿರೋದು, ಬೇರೆಯವ್ರು ಗಮನಿಸಿಲ್ಲ. ನೀವು ಎದುರು ಬದುರು ಬಾಳೋರು ಅಕ್ಕ. ನಂದು ಹೆಂಗೋ ಆಗುತ್ತೆ, ಸುಮ್ನಿರಿ." ನಾನು ಸುಮ್ಮನಿದ್ದೆ.

21ರಂದು ಬನಶಂಕರಿಯ ಚಿತಾಗಾರದಲ್ಲಿ ಕಾರ್ಯ ಆಯಿತು. ಪದ್ಮಶ್ರೀ ನನ್ನ ತೋಳು ಹಿಡಿದುಕೊಂಡು, "ಆಂಟಿ, ಅಮ್ಮ ಕೂಗಿದ್ರಾ? ಯಾರಿಗೂ ಕೇಳಿಸ್ಲಿಲ್ವಾ?" ಎಂದು ಕೇಳಿದಳು. ನನಗೆ ಗೊತ್ತಿಲ್ಲ ಮಗಳೇ ಎಂದೆ.

23ರ ಭಾನುವಾರ ನಮ್ಮ ಮಠದ ಅಯ್ಯನವರು ಯಜಮಾನರಿಗೆ ವಿಭೂತಿ ಕೊಡಲು ಮನೆಗೆ ಬಂದಾಗ, ಕಾರ್ತಿಕದ ಮೌನ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳಿದೆ. "ಹೊತ್ತು ಮುಳುಗಿದ್ರೆ ಮುಗೀತು ಕಣಮ್ಮ. ಎಲ್ಲಿದ್ದೀಯೋ ಅಲ್ಲಿ ಹೊತ್ತು. ಗಡಿಯಾರಕ್ಕೂ ಶಿವಂಗೂ ಏನ್ ಸಂಬಂಧ?" ಎಂದರು. ನಾನು ಒಳಗೆ ಹೋಗಿ ಅವರಿಗೆ ಹಾಲು ಕಾಯಿಸಿದೆ. 4-55ಕ್ಕೆ ನನ್ನ ಮೌನ ಮುಗಿದಿತ್ತು. ನೀರು ಕಂಡದ್ದು 5-05ಕ್ಕೆ. ಹತ್ತು ನಿಮಿಷ ಮೊದಲೇ ನನಗೆ ಮಾತಾಡುವ ಅಪ್ಪಣೆ ಸಿಕ್ಕಿತ್ತು. ಹಾಲು ಉಕ್ಕಿದ್ದು ನನಗೆ ತಿಳಿಯಲಿಲ್ಲ, ಯಜಮಾನರು ಬಂದು ಒಲೆ ಆರಿಸಿದರು.

ಮಾರನೇ ದಿನ ಪದ್ಮಶ್ರೀ ದೂರು ಕೊಟ್ಟಳು. 29ರ ಶನಿವಾರ ಉಗ್ರಪ್ಪನವರನ್ನು ಠಾಣೆಗೆ ಕರೆಸಿದರು ಎಂದು ಕೆರೆಯ ಹತ್ತಿರ ಜನ ಮಾತಾಡಿಕೊಂಡರು. ಎಣಿಸಿದ್ದರೆ ಯಾಕೆ ಬಿಟ್ಟು ಬರುತ್ತಿದ್ದ ಎಂದು ಆ ಜನರೇ ಹೇಳಿದರು. ಆ ದಿನ ಮತ್ತು ಮಾರನೇ ದಿನ ಸೇರಿ ಮೂರು ಸಲ ನಾನು ಪದ್ಮಶ್ರೀಯ ಬಾಗಿಲು ತಟ್ಟಿ, ಬೆರಳು ಎತ್ತಿದ ವಿಷಯ ಹೇಳಲು ಹೋದೆ. ಮೊದಲ ಸಲ ಅವಳು ಅಳುತ್ತಿದ್ದಳು, ಹೇಳಲಾಗಲಿಲ್ಲ. ಎರಡನೇ ಸಲ ಬಾಗಿಲಲ್ಲೇ ನಿಂತು ಹೇಳಿದೆ, ಎರಡು ಬೆರಳಿನ ತನಕ. ಅವಳು ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡಳು. ಮೂರನೇ ಸಲ ತೆರೆಯಲಿಲ್ಲ. ಕೂಗದೆ ಇದ್ದ ವಿಷಯ ಅವಳಿಗೆ ಇನ್ನೂ ಗೊತ್ತಿಲ್ಲ. ಅದು ಈ ಹಾಳೆಯಲ್ಲೇ ಮೊದಲು ಬರುತ್ತಿದೆ.

ಆದುದರಿಂದ ಉಗ್ರಪ್ಪನವರ ಹೆಸರು ಇರುವ ಕಡೆ ನನ್ನ ಹೆಸರು ಬರೆಯಬೇಕು. ಅದಕ್ಕೆ ಏನು ಶಿಕ್ಷೆ ಎಂದು ನಾನು ಕೇಳಿಲ್ಲ. ಯಜಮಾನರಿಗೆ ಮಾತ್ರೆ ಕೊಡುವ ಹೊತ್ತನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ ಬಂದಿದ್ದೇನೆ.

ಮೇಲೆ ಬರೆದಿರುವುದರಲ್ಲಿ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು, ಮಾಡದೇ ಹೋದದ್ದು ಬಿಟ್ಟು ಬೇರೆ ಇಲ್ಲ. ಓದಿಕೊಂಡು ಸಹಿ ಹಾಕಿದ್ದೇನೆ.

ಕೊನೆಯದಾಗಿ ಒಂದು ಕೋರಿಕೆ. ಇದನ್ನು ಪದ್ಮಶ್ರೀಗೆ ಪೂರ್ತಿ ಓದಿ ಹೇಳಬೇಕು. ಅಮ್ಮ ಕೂಗಿದ್ರಾ ಎಂದು ಅವಳು ಕೇಳಿದ್ದಕ್ಕೆ ಉತ್ತರ ಇದೇ. ಓದಿದ ಮೇಲೆ ಅವಳು ಏನಾದರೂ ಹೇಳುತ್ತಾಳೆ. ಅವಳ ಬಾಗಿಲಿಗೂ ನನ್ನ ಬಾಗಿಲಿಗೂ ಒಂಬತ್ತು ಅಡಿ, ಆದರೂ ಅದು ನನಗೆ ಕೇಳಿಸುವುದಿಲ್ಲ. ಅವಳು ಹೇಳಿದ್ದನ್ನು ಠಾಣೆಯವರು ಯಾರಾದರೂ ನನಗೆ ತಂದು ತಿಳಿಸಬೇಕು. ಬೈದರೆ, ಬೈದದ್ದನ್ನು ಸೋಸದೆ ತರಬೇಕು.

ಸ್ಥಳ: ಬೆಂಗಳೂರು
ದಿನಾಂಕ: 01-12-2025, ಮಧ್ಯಾಹ್ನ 1-40
ಸಹಿ: ಕಮಲಾದೇವಿ