ಭೀಮಬಾಯಿಯ ತಾಮ್ರದ ಚರಗಿ

ಅಂಜಿಕಿ ಆದ್ರ ಲೈಟ್ ಹಚ್ಚಿಕೊಂಡೇ ಕೇಳ್ರಿ. ನನಗೇನೂ ಬೇಕಾಗಿಲ್ಲ. ಅಮಾಸಿ ರಾತ್ರಿ ಮಳಖೇಡದ ಹಾಳು ಕೋಟ್ಯಾಗ ಒಬ್ಬನೇ ಮಲಗಿ ಎದ್ದು ಬಂದಾಂವ ನಾನು, ಊರಾಗ ಯಾರನ್ನಾದ್ರೂ ಕೇಳ್ರಿ. ಆದ್ರ ದಿಲೀಪನ ಮಾತು ಬ್ಯಾರೆ. ದಿಲೀಪ ನನ್ನ ಕಾಕಾನ ಮಗ. ಇದು ಹೋದ ಬ್ಯಾಸಗಿ ಆದದ್ದು.

ಫ್ಯಾಕ್ಟರಿ ಸೆಕೆಂಡ್ ಶಿಫ್ಟ್ ಮುಗಿಸಿ ಆಂವ ನಡಕೊಂಡು ಮನಿಗಿ ಬರ್ಲಿಕತ್ತಿದ್ದ. ಗಾಳಿ ಇಲ್ಲ. ನಾಯಿ ಬೊಗಳಾಟ ಇಲ್ಲ. ಹಾದಿ ಬದಿಗೆ ಒಂದು ಹಳೇ ಬಾವಿ ಅದ. ನೀರು ಬತ್ತಿ ಆರು ವರ್ಷ ಆತು. ತಳದಾಗ ಬರೀ ಕಲ್ಲಿನ ಚೂರು...

ಅದರೊಳಗಿಂದ ಸಪ್ಪಳ ಬಂತು.

ಡುಬುಕ್.

ತುಂಬಿದ ನೀರಾಗ ಚರಗಿ ಅದ್ದಿದಂಗ. ಆಮ್ಯಾಲ ಗುಳು, ಗುಳು, ಗುಳು... ಮತ್ತ ನಿಂತಿತು.

"ದಿಲ್ಯಾ..." ಪಿಸುಮಾತು. "ಗಂಗಿ ತಂದಿಯೇನು?"

ದನಿ ಗುರ್ತು ಹತ್ತಿತು. ನಮ್ಮ ಓಣಿಯ ಭೀಮಬಾಯಿ ಆಯಿ. ಹನ್ನೊಂದು ದಿನದ ಹಿಂದ ಕಾಗಿಣಾ ಹೊಳಿ ದಂಡಿಮ್ಯಾಲ ನಾವೇ ಸುಟ್ಟು ಬಂದಿದ್ವಿ.

ಓಡಿ ಬಂದು ನನ್ನ ಬಾಗಿಲಾ ಬಡದ.

"ಹಣಮ್ಯಾ, ನಾ ಒಂದು ತಪ್ಪು ಮಾಡೀನಿ."

"ಒಂದೇ ಏನ್?" ಅಂದೆ.

ನಗಲಿಲ್ಲ. ಕುಂತು ಹೇಳಿದ.

ಊರ ಮಂದಿ ಜೋಡಿ ಆಂವ ಹರಿದ್ವಾರ, ಹೃಷೀಕೇಶಕ್ಕೆ ಹೊಂಟಾಗ ಆಯಿ ತನ್ನ ತಾಮ್ರದ ಚರಗಿ ಕೊಟ್ಟಿದ್ದಳು. ಹಾಸಿಗಿ ಹಿಡಿದ ಮುದುಕಿ. "ಗಂಗಿ ತುಂಬ್ಕೊಂಡು ಬಾ ಮಗಾ. ಹೋಗೋ ಮುಂದ ಬಾಯಾಗ ಒಂದು ಗುಟುಕು ಬೀಳ್ಲಿ. ಅಲ್ಲೀತನ ಜೀವ ಹಿಡಕೊಂಡು ಇರ್ತೀನಿ," ಅಂದಿದ್ದಳು. ನಮ್ಮ ಕಡಿ ಮುದುಕರಿಗೆ ಬ್ಯಾರೇನೂ ಬೇಡ, ಕೊನೀ ಗುಟುಕು ಗಂಗಿದಾಗಬೇಕು.

ದಿಲೀಪ ತುಂಬಿದ. ಬಾಯಿಗೆ ಅರಿವಿ ಕಟ್ಟಿ ಮೂರು ಗಂಟು ಹಾಕಿದ. ಬರೋ ಮುಂದ ರೈಲಿನಾಗ ಧಗಿ, ಬಾಟಲಿ ನೀರೆಲ್ಲ ಖಾಲಿ. ಗಂಟು ಬಿಚ್ಚಿದ, ಚರಗಿ ಎತ್ತಿದ, ಪೂರಾ ಕುಡಿದೇಬಿಟ್ಟ. ವಾಡಿ ಜಂಕ್ಷನ್‌ನಾಗ ಇಳಿದು ಪ್ಲಾಟ್‌ಫಾರ್ಮಿನ ನಳದ ನೀರು ತುಂಬಿ ಮತ್ತ ಮೂರು ಗಂಟು.

"ನೀರಿನ ಮ್ಯಾಲ ಹೆಸರು ಬರದಿರ್ತದೇನು ಅಂದ್ಕೊಂಡೆ..." ಅಂದ.

ಆಯಿ ಹೋಗೋ ಮುಂದ ನಾನೂ ಅಲ್ಲೇ ಇದ್ದೆ. ಎರಡು ದಿನದಿಂದ ಕಣ್ಣು ಮುಚ್ಚಿದಾಕಿ, ಚರಗಿ ಸಪ್ಪಳಕ್ಕ ತೆರದಳು. ದಿಲೀಪ ಗುಟುಕು ಹಾಕಿದ. ನುಂಗಲಿಲ್ಲ. ನೀರು ಬಾಯಿ ಮೂಲಿಂದ ಕಿವಿಗೆ ಇಳೀತು. ಅವನ್ನೇ ನೋಡ್ಕೋತ ಜೀವ ಬಿಟ್ಟಳು. ಬಾಯಿ ತೆರದೇ ಇತ್ತು. ಅರಿವಿಲೆ ದವಡಿ ಕಟ್ಟಿದ್ವಿ, ಮತ್ತ ತೆರೀತು. ಹಂಗೇ ಸುಟ್ವಿ.

"ಮತ್ತ ಹೋಗೋಣು ನಡಿ," ಅಂದೆ. "ಗಂಗಿ ತಂದು ಆ ಬಾವ್ಯಾಗ ಸುರಿಯೋಣು. ನಾ ಇರೋ ಮುಂದ ಯಾವ ಮುದುಕಿ ನಿನಗ ಏನ್ ಮಾಡ್ತಾಳ?"

ಹಂಗ ಅಂದಾಂವ ನಾನೇ.

ಆಯಿ ಸೊಸಿ ಜಗದೇವಿ ವೈನಿ ಕಡಿಂದ ಅದೇ ಚರಗಿ ಇಸ್ಕೊಂಡು ಹೋದ್ವಿ.

ಹರಿದ್ವಾರ ಮುಟ್ಟಿದ್ದು ಸೋಮವಾರ ಮುಂಜಾನೆ. ಹಿಮದ ಗುಡ್ಡದಿಂದ ಇಳಿಯೋ ನೀರು, ಕಾಲಿಟ್ರ ಎಲುಬು ಕಡೀತದ. ಸೆಳವು ಭಾಳ. ಮಂದಿ ಮೆಟ್ಟಿಲಿಗೆ ಬಿಗಿದ ಕಬ್ಬಿಣದ ಸರಪಳಿ, ಜಂಜೀರ, ಹಿಡಿದು ಮುಳುಗ್ತಾರ. ನಾನು ಬಿಟ್ಟೇ ಮುಳುಗಿದೆ, ಕಾಗಿಣಾ ಮಹಾಪೂರದಾಗ ಈಜಿದಾಂವ. ದಿಲೀಪ ಎಡಗೈಲೆ ಜಂಜೀರ ಹಿಡಿದು, ಬಲಗೈಲೆ ಚರಗಿ ಅದ್ದಿದ.

ಡುಬುಕ್.

ಗುಳು, ಗುಳು, ಗುಳು...

ನಿಲ್ಲಲಿಲ್ಲ. ಅಷ್ಟು ಸಣ್ಣ ಚರಗಿ ತುಂಬಾಕ ಎಷ್ಟೊತ್ತು ಬೇಕು? ಗುಳು, ಗುಳು... ಯಾರೋ ಕುಡೀಲಿಕತ್ತಂಗ.

"ತುಂಬವಲ್ದು ಹಣಮ್ಯಾ..."

"ಎತ್ತಲೇ ಮ್ಯಾಲ!"

"ಬಾಯಿ ತೆರದಾಳ," ಅಂದ. ಮೆಲ್ಲಕ.

ಜಂಜೀರ ಬಿಟ್ಟ. ಕಾಲು ಜಾರಲಿಲ್ಲ, ಯಾರೂ ದೂಡಲಿಲ್ಲ, ಈ ಕಣ್ಣೀಲೆ ನೋಡೀನಿ. ಎರಡೂ ಕೈಲೆ ಚರಗಿ ಹಿಡಿದು ಮುಂದ ಬಾಗಿದ, ಮಲಗಿದವರಿಗೆ ಕುಡಿಸೋ ಹಂಗ. ನಾ ಹಾರಿದೆ. ಅಂಗಿ ತುದಿ ಕೈಗೆ ಬಂತು. ಬರೀ ತುದಿ.

ಮೂರನೇ ದಿನಕ್ಕ ಕೆಳಗ, ಕಾಲುವಿ ಜಾಳಿಗಿಗೆ ಹೆಣ ಬಂತು. ಚರಗಿ ಸಿಗಲಿಲ್ಲ. ದಿಲೀಪನ್ನ ಅಲ್ಲೇ ಸುಟ್ಟು, ಒಬ್ಬನೇ ವಾಡಿಗೆ ಬಂದು ಇಳಿದೆ. ಬಾಯಿ ಒಣಗಿತ್ತು. ಆ ನಳದ ನೀರು ಮಾತ್ರ ಮುಟ್ಟಲಿಲ್ಲ.

ಓಣ್ಯಾಗ ಜಗದೇವಿ ವೈನಿ ಅಳ್ಕೋತ ಎದುರು ಬಂದ್ರು. ಅತ್ತು ಮುಗಿಸಿ ಕಣ್ಣು ಒರಸ್ಕೊಂಡು ಕೇಳಿದ್ರು:

"ಚರಗಿ ಮೊದಲೇ ಯಾರ ಕೈಲೆ ಕಳಿಸಿದ್ಯೋ ಹಣಮು?"

"ಯಾವ ಚರಗಿ ವೈನಿ?"

"ಸೋಮವಾರ ಮುಂಜಾನೆ ಎದ್ದು ನೋಡ್ತೀನಿ, ಅತ್ತಿ ಮಲಗತಿದ್ದ ಮೂಲ್ಯಾಗ ಅದ."

ಸುಳ್ಳು ಹೇಳಿ ನನಗೇನು ಬರೋದದ? ಬರ್ರಿ, ತೋರಸ್ತೀನಿ. ಇವತ್ತಿಗೂ ಆ ಮೂಲ್ಯಾಗೇ ಅದ. ಬಾಯಿಗೆ ಅರಿವಿ, ಅರಿವಿಗೆ ಮೂರು ಗಂಟು. ಯಾರೂ ಬಿಚ್ಚಿಲ್ಲ. ನಾ ಒಂದೇ ಸಲ ಎತ್ತಿ, ಕಿವಿ ಹತ್ರ ಹಿಡಿದು ಅಲುಗಾಡಿಸೀನಿ. ನೀರದ. ಪೂರಾ ತುಂಬಿದ್ದಲ್ಲ... ಒಂದು ಗುಟುಕು ಕಡಿಮಿ.