ಕೆಂಪು ದೀಪದ ಉಳಿತಾಯ

ಎಲೆಕ್ಟ್ರಿಕಲ್ ಬಿಡಿಭಾಗಗಳ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕ ತಮ್ಮ ನಿಂತಿದ್ದರು. ಇಬ್ಬರಿಗೂ ನಲವತ್ತು ದಾಟಿರಬೇಕು. ತಮ್ಮ, ತನ್ನ ಹಾಯಿದೋಣಿಯ ಇಂಜಿನ್ನಿನಿಂದ ಬಿಚ್ಚಿದ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಎಣ್ಣೆ ಸಮೇತ ಅಂಗಿಗೇ ಅವಚಿಕೊಂಡಿದ್ದ.

“ಇದೂ ಹೋಯ್ತಾ?” ಅಕ್ಕ ಕೇಳಿದಳು.

“ಹೂಂ. ಬ್ಯಾಟರಿ ಚಾರ್ಜೇ ಆಗಲ್ಲ. ನಿನ್ನೆ ಗಾಳಿ ನಿಂತೋಯ್ತು, ಇಂಜಿನ್ ಸ್ಟಾರ್ಟ್ ಆಗ್ಲಿಲ್ಲ. ಬಂಡೆಗೆ ಬಡಿಯೋದು ಸ್ವಲ್ಪದರಲ್ಲಿ ತಪ್ತು. ಅಮ್ಮನೂ ಜೊತೆಗಿದ್ಲು.”

“ಗೊತ್ತು. ಬೆಲ್ಟ್ ನೋಡಿದ್ಯಾ?”

“ಬಿಗಿಯಾಗೇ ಇದೆ.”

“ವೈರು?”

“ಎಲ್ಲಾ ನೋಡಾಯ್ತು. ಆ ಮೆಕ್ಯಾನಿಕ್ ಒಬ್ಬ ದಂಡಪಿಂಡ. ಮೊದಲನೇ ಆಲ್ಟರ್ನೇಟರಲ್ಲಿ ಏನೂ ದೋಷ ಇಲ್ಲ ಅಂದ. ಬೈದು ಅಟ್ಟಿದೆ.”

“ಕೀ ತಿರುಗಿಸ್ದಾಗ ಚಾರ್ಜಿಂಗ್ ತೋರಿಸೋ ಕೆಂಪು ದೀಪ ಹತ್ತುತ್ತಾ?”

“ಅದನ್ನ ಕಿತ್ತಿಟ್ಟಿದೀನಲ್ಲ.”

ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಯಾಕೋ?”

“ಸುಮ್ನೆ ಬ್ಯಾಟರಿ ತಿನ್ನುತ್ತೆ ಅಂತ. ಉಳಿತಾಯ.”

“ಅಯ್ಯೋ ಮಹಾನುಭಾವ! ಹಳೇ ಇಂಜಿನ್ ಕಣೋ ಅದು. ಆ ಬಲ್ಬಿನ ಮೂಲಕ ಹೋಗೋ ಚೂರು ಕರೆಂಟಿಂದಾನೇ ಆಲ್ಟರ್ನೇಟರ್ ಕೆಲಸ ಶುರು ಮಾಡೋದು. ದೀಪ ಕಿತ್ರೆ ಅದು ಸುಮ್ನೆ ತಿರುಗ್ತಾ ಇರುತ್ತೆ, ನಿನ್ನ ಹಾಗೆ.”

“ಹಾಗಾದ್ರೆ ಮೊದಲನೇದೂ ಸರಿಯಿತ್ತಾ?”

“ಎಲ್ಲಿದೆ ಅದು?”

“ಸಿಟ್ಟು ಬಂದು ನೀರಿಗೆ ಎಸೆದೆ.”

“ಭೇಷ್. ಬಲ್ಬೂ ಎಸೆದ್ಯೋ?”

“ಇಲ್ಲ, ಮನೇಲಿದೆ.”

“ನಡಿ ಮನೆಗೆ.”

ಇಬ್ಬರೂ ಸಾಲು ಬಿಟ್ಟು ಬಾಗಿಲ ಕಡೆ ಹೊರಟರು.

“ಅಕ್ಕ, ಅಮ್ಮಂಗೆ ಮಾತ್ರ ಹೇಳ್ಬೇಡ ಕಣೇ.”

“ಬೆಳಿಗ್ಗೆ ಫೋನ್ ಮಾಡಿ ನನ್ನ ಕಳಿಸಿದ್ದೇ ಅಮ್ಮ. ‘ಅವನೇ ಏನೋ ಕಿತ್ತಿಟ್ಟಿರ್ತಾನೆ, ಹೋಗಿ ನೋಡು’ ಅಂದ್ಳು.”